ಕ್ರೂಗರ್ ಅರಣ್ಯದ ಸೇತುವೆಗಳು: ದಾಟುವುದು ಹೇಗೆ, ನಿಂತು ನೋಡುವುದು ಹೇಗೆ

ದಕ್ಷಿಣ ಆಫ್ರಿಕಾದ ಈಶಾನ್ಯ ಮೂಲೆಯಲ್ಲಿ, ಮೊಜಾಂಬಿಕ್ ಗಡಿಗೆ ಒತ್ತಿಕೊಂಡು ಉತ್ತರ ದಕ್ಷಿಣವಾಗಿ ಸುಮಾರು 360 ಕಿ.ಮೀ. ಉದ್ದಕ್ಕೆ ಚಾಚಿರುವ ಕ್ರೂಗರ್ ರಾಷ್ಟ್ರೀಯ ಉದ್ಯಾನದಲ್ಲಿ ರಸ್ತೆಗಳು ಮುಖ್ಯವಾಗಿ ತೆಂಕಣದಿಂದ ಬಡಗಣಕ್ಕೆ ಸಾಗುತ್ತವೆ, ನದಿಗಳು ಪಡುವಣದಿಂದ ಮೂಡಣಕ್ಕೆ ಹರಿಯುತ್ತವೆ. ಹೀಗಾಗಿ ದಕ್ಷಿಣದ ತುದಿಯಿಂದ ಉತ್ತರದ ತುದಿಯವರೆಗೆ ಹೋಗುವವರು ಕ್ರೊಕೊಡೈಲ್, ಸಾಬಿ, ಒಲಿಫಾಂಟ್ಸ್, ಲೆಟಾಬಾ, ಶಿಂಗ್ವೆಡ್ಜಿ, ಲುವುವು ಎಂಬ ಆರು ದೊಡ್ಡ ನದಿಗಳನ್ನು ಒಂದರ ನಂತರ ಒಂದರಂತೆ ದಾಟಲೇಬೇಕು. ನಡುನಡುವೆ ಸಿಗುವ ಒಣಹಳ್ಳಗಳಂತೂ ಲೆಕ್ಕಕ್ಕಿಲ್ಲ. ಬಾಡಿಗೆ ಕಾರು ಹಿಡಿದು ತಾವೇ ಓಡಿಸಿಕೊಂಡು ಈ ಕಾಡನ್ನು ನೋಡಲು ಇಲ್ಲಿ ಅವಕಾಶವಿರುವುದರಿಂದ, ಯಾವ ಸೇತುವೆಯನ್ನು ಯಾವಾಗ ದಾಟಬೇಕು, ಯಾವಾಗ ದಾಟಬಾರದು, ಎಲ್ಲಿ ನಿಲ್ಲಬೇಕು ಎಂಬ ತೀರ್ಮಾನ ಪ್ರವಾಸಿಗರ ಕೈಯಲ್ಲೇ ಇರುತ್ತದೆ. ಈ ಲೇಖನ ಹಾಗೆ ಸ್ವಂತವಾಗಿ ಕಾರು ಓಡಿಸುವವರಿಗಾಗಿ.

ಸಿಂಹ ಎಲ್ಲಿ, ಚಿರತೆ ಎಲ್ಲಿ ಎಂದು ದಿನವಿಡೀ ರಸ್ತೆಯಿಂದ ರಸ್ತೆಗೆ ಓಡಾಡುವವರಿಗಿಂತ, ಒಂದು ಸೇತುವೆಯ ಮೇಲೆ ಒಂದೆರಡು ಗಂಟೆ ತಾಳ್ಮೆಯಿಂದ ಕುಳಿತವರು ಹೆಚ್ಚು ನೋಡಿ ಬರುತ್ತಾರೆ ಎಂಬುದು ನನ್ನ ಖಚಿತವಾದ ಅಭಿಪ್ರಾಯ. ಕ್ರೂಗರ್‌ನ ಪ್ರವಾಸಿಗರಲ್ಲಿ ಬಹುಪಾಲು ಮಂದಿ ಸೇತುವೆಯನ್ನು ದಾಟಿ ಮುಂದೆ ಹೋಗಬೇಕಾದ ರಸ್ತೆಯ ತುಂಡೆಂದಷ್ಟೇ ಭಾವಿಸುತ್ತಾರೆ. ಆದರೆ ಒಣಗಾಲದಲ್ಲಿ ಕಾಡಿನ ಪ್ರಾಣಿಗಳೆಲ್ಲ ನೀರಿದ್ದಲ್ಲಿಗೆ ಬರುತ್ತವೆ. ಎರಡೂ ದಡದ ದಟ್ಟ ಪೊದೆಗಳ ಮರೆಯಿಲ್ಲದೆ ನದಿಯ ಹರವನ್ನು ಉದ್ದಕ್ಕೂ ಕಾಣಬಹುದಾದ ಜಾಗ ಸೇತುವೆಯ ನಡುಭಾಗವೊಂದೇ.

ಸೇತುವೆಯ ಬಗೆಯನ್ನು ಮೊದಲು ಗುರುತಿಸಿ

ಈ ಉದ್ಯಾನದಲ್ಲಿ ಎರಡು ಬಗೆಯ ಸೇತುವೆಗಳಿವೆ. ನೀರಿನ ಮಟ್ಟಕ್ಕೆ ತೀರ ಸಮೀಪದಲ್ಲಿ, ಸಾಲು ಮೋರಿಗಳ ಮೇಲೆ ಕಾಂಕ್ರೀಟ್ ಹಾಸಿದಂತೆ ಕಟ್ಟಿರುವ ಕೆಳಹಂತದ ಸೇತುವೆಗಳು ಒಂದು ಬಗೆ. ಎತ್ತರವಾದ ಕಂಬಗಳ ಮೇಲೆ ನಿಂತು, ದೊಡ್ಡ ಪ್ರವಾಹದಲ್ಲೂ ರಸ್ತೆ ಕಡಿಯದಿರಲಿ ಎಂದು ಕಟ್ಟಿರುವ ಎತ್ತರದ ಸೇತುವೆಗಳು ಇನ್ನೊಂದು ಬಗೆ. ಪ್ರವಾಸಿಗರು ತಂಗುವ ಲೋವರ್ ಸಾಬಿ ಶಿಬಿರದ ಪಕ್ಕದಲ್ಲಿರುವುದು, ಕ್ರೊಕೊಡೈಲ್ ಬ್ರಿಜ್ ಪ್ರವೇಶದ್ವಾರದ ಮುಂದಿರುವುದು, ಒಲಿಫಾಂಟ್ಸ್ ನದಿಗೆ ಬಲೂಲೆ ಶಿಬಿರದ ಬಳಿ ಕಟ್ಟಿರುವುದು ಮೊದಲ ಬಗೆಯವು. ಸಾಬಿ ನದಿಯ ಮೇಲೆ ಎಚ್12 ಎಂಬ ಸಂಖ್ಯೆಯ ರಸ್ತೆಯಲ್ಲಿರುವುದು, ಸಟಾರಾ ಮತ್ತು ಲೆಟಾಬಾ ಶಿಬಿರಗಳ ನಡುವಿನ ಹೆದ್ದಾರಿಯಲ್ಲಿ ಒಲಿಫಾಂಟ್ಸ್ ನದಿಗಿರುವುದು, ಲೆಟಾಬಾ ಶಿಬಿರದ ಉತ್ತರಕ್ಕಿರುವುದು ಎರಡನೆಯ ಬಗೆಯವು.

ಚಿಕ್ಕೋಡಿ, ನಿಪ್ಪಾಣಿ ಭಾಗದವರಿಗೆ ಕೆಳಹಂತದ ಸೇತುವೆಯ ಸ್ವಭಾವವನ್ನು ವಿವರಿಸಬೇಕಾಗಿಲ್ಲ. ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಹೊಯ್ದರೆ ಇತ್ತ ಬಿಸಿಲಿರುವಾಗಲೇ ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ಸೇತುವೆಗಳು ಜಲಾವೃತವಾಗುವುದನ್ನು ಅವರು ಪ್ರತಿ ಮಳೆಗಾಲದಲ್ಲೂ ನೋಡುತ್ತಾರೆ. ಸಾಬಿ ನದಿಯ ನಡವಳಿಕೆಯೂ ಅದೇ. ಅದು ಹುಟ್ಟುವುದು ಉದ್ಯಾನದ ಪಶ್ಚಿಮಕ್ಕಿರುವ ಡ್ರೇಕನ್ಸ್‌ಬರ್ಗ್ ಘಟ್ಟದ ಅಂಚಿನಲ್ಲಿ. ಅಲ್ಲಿ ರಾತ್ರಿ ಸುರಿದ ಮಳೆ ಮರುದಿನ ತಿಳಿ ಆಕಾಶದ ಕೆಳಗೆ ಲೋವರ್ ಸಾಬಿ ಸೇತುವೆಯ ಮೇಲೆ ಕೆಂಪು ನೀರಾಗಿ ಹರಿಯಬಹುದು. ಆದ್ದರಿಂದ ತಲೆಯ ಮೇಲಿನ ಆಕಾಶವನ್ನು ನೋಡಿ ನದಿಯ ಬಗ್ಗೆ ತೀರ್ಮಾನಿಸಬಾರದು.

ಕೆಳಹಂತದ ಸೇತುವೆಗೆ ಎತ್ತರದ ಕಟಾಂಜನ ಇಲ್ಲದಿರುವುದನ್ನು ಕಂಡು ಹೊಸಬರು ಹೆದರುವುದುಂಟು. ಅದು ನಿರ್ಲಕ್ಷ್ಯದಿಂದ ಬಿಟ್ಟದ್ದಲ್ಲ. ಪ್ರವಾಹದಲ್ಲಿ ಕೊಚ್ಚಿಬರುವ ಮರದ ದಿಮ್ಮಿ, ಜೊಂಡು, ಬೇರುಗಳ ರಾಶಿ ಕಟಾಂಜನಕ್ಕೆ ಸಿಕ್ಕಿಕೊಂಡರೆ ಸೇತುವೆಯೇ ಒಡ್ಡಾಗುತ್ತದೆ, ಹಿಂದೆ ಕಟ್ಟಿಕೊಂಡ ನೀರಿನ ಒತ್ತಡಕ್ಕೆ ಕಾಂಕ್ರೀಟ್ ಹಾಸೇ ಕಿತ್ತುಹೋಗಬಹುದು. ಆದುದರಿಂದ ನೀರೂ ಕಸವೂ ಮೇಲಿಂದಲೇ ದಾಟಿ ಹೋಗಲಿ ಎಂದು ಅಂಚಿನಲ್ಲಿ ಗಿಡ್ಡನೆಯ ಕಾಂಕ್ರೀಟ್ ಅಂಚುಗಲ್ಲುಗಳನ್ನಷ್ಟೇ ಇಟ್ಟಿರುತ್ತಾರೆ. 2000ನೇ ಇಸವಿಯ ಫೆಬ್ರವರಿಯ ಮಹಾಪ್ರವಾಹದಲ್ಲಿ ಸಾಬಿ ನದಿ ಸ್ಕುಕೂಜಾ ಶಿಬಿರದೊಳಕ್ಕೇ ನುಗ್ಗಿತ್ತು. ಉದ್ಯಾನದ ಹಲವು ಸೇತುವೆಗಳೂ ರಸ್ತೆಗಳೂ ಹಾಳಾಗಿದ್ದವು, ದಡದ ದೊಡ್ಡ ಮರಗಳು ಬುಡಸಮೇತ ಹೋಗಿ ಎಷ್ಟೋ ಕಡೆ ಬರೀ ಬಂಡೆ ಉಳಿದಿತ್ತು. 2012 ಮತ್ತು 2013ರ ಜನವರಿಗಳಲ್ಲೂ ಪ್ರವಾಹ ಬಂದು, ಎರಡನೆಯ ಸಲ ಶಿಂಗ್ವೆಡ್ಜಿ ಶಿಬಿರ ನೀರಿನಲ್ಲಿ ಮುಳುಗಿತ್ತು.

ಸೇತುವೆಗಳೇ ಇಲ್ಲದ ಕಾಲವೂ ಇತ್ತು. 1926ರಲ್ಲಿ ರಾಷ್ಟ್ರೀಯ ಉದ್ಯಾನವಾಗಿ, 1927ರಲ್ಲಿ ಮೊದಲ ಪ್ರವಾಸಿ ಕಾರುಗಳು ಒಳಗೆ ಬಂದ ಮೇಲಿನ ಆರಂಭದ ವರ್ಷಗಳಲ್ಲಿ ಕಾರುಗಳನ್ನು ತೆಪ್ಪದಂಥ ಚಪ್ಪಟೆ ದೋಣಿಗೆ ಹತ್ತಿಸಿ ದೊಡ್ಡ ನದಿಗಳನ್ನು ದಾಟಿಸುತ್ತಿದ್ದರು. ರೈಲು ಮಾತ್ರ ಅದಕ್ಕಿಂತ ಮೊದಲೇ ಬಂದಿತ್ತು. 1912ರಲ್ಲಿ ಪೂರ್ಣಗೊಂಡ ಸೆಲಾಟಿ ರೈಲುಮಾರ್ಗ ಸಾಬಿ ನದಿಯನ್ನು ದಾಟುತ್ತಿದ್ದ ಜಾಗಕ್ಕೆ ‘ಸಾಬಿ ಬ್ರಿಜ್’ ಎಂದೇ ಹೆಸರಿತ್ತು. ಇಂದಿನ ಸ್ಕುಕೂಜಾ ಶಿಬಿರ ಬೆಳೆದದ್ದು ಅಲ್ಲಿಯೇ. ರೈಲಿಗೆ ಸಿಕ್ಕಿ ಕಾಡುಪ್ರಾಣಿಗಳು ಸಾಯುವುದು ಹೆಚ್ಚಾಗಿ, ಮಾರ್ಗವನ್ನು ಉದ್ಯಾನದ ಹೊರಗೆ ಬಳಸಿ ಕಟ್ಟಿದ ಮೇಲೆ 1973ರಲ್ಲಿ ಇಲ್ಲಿ ರೈಲು ನಿಂತಿತು. ಆ ಹಳೆಯ ಉಕ್ಕಿನ ಸೇತುವೆಯ ಮೇಲೆ ಈಗ ರೈಲು ಡಬ್ಬಿಗಳನ್ನೇ ಕೋಣೆಗಳನ್ನಾಗಿ ಮಾಡಿರುವ ಐಷಾರಾಮಿ ಹೋಟೆಲೊಂದು 2020ರಿಂದ ನಡೆಯುತ್ತಿದೆ.

ಹೊರಡುವ ಮುನ್ನ

ಬೆಳಿಗ್ಗೆ ಶಿಬಿರದಿಂದ ಹೊರಬೀಳುವ ಮೊದಲು, ಇಲ್ಲವೇ ಹಿಂದಿನ ಸಂಜೆಯೇ, ಸ್ವಾಗತ ಕಚೇರಿಗೆ ಹೋಗಿ ಯಾವ ಯಾವ ರಸ್ತೆಗಳು ಮುಚ್ಚಿವೆ ಎಂದು ಕೇಳಬೇಕು. ಅದೇ ಕಚೇರಿಯಲ್ಲಿ ಯಾವ ಪ್ರಾಣಿ ಎಲ್ಲಿ ಕಂಡಿತೆಂದು ಬಣ್ಣದ ಗುಂಡಿಗಳಲ್ಲಿ ಗುರುತು ಮಾಡಿದ ಫಲಕವೂ ಇರುತ್ತದೆ. ಎಲ್ಲರೂ ಅದರ ಮುಂದೆ ಗುಂಪುಗೂಡಿ ನಿಲ್ಲುತ್ತಾರೆ, ಮುಚ್ಚಿದ ರಸ್ತೆಗಳ ಚೀಟಿಯನ್ನು ಓದುವವರು ಕಡಿಮೆ. ಮಳೆಗಾಲವೆಂದರೆ ಇಲ್ಲಿ ಅಕ್ಟೋಬರಿನಿಂದ ಮಾರ್ಚಿಯವರೆಗೆ. ದೊಡ್ಡ ಪ್ರವಾಹಗಳು ಬಂದದ್ದು ಹೆಚ್ಚಾಗಿ ಜನವರಿ, ಫೆಬ್ರವರಿಗಳಲ್ಲಿ. ಆ ತಿಂಗಳುಗಳಲ್ಲಿ ಹೋಗುವವರು ಈ ವಿಚಾರಣೆಯನ್ನು ದಿನಕ್ಕೆ ಒಂದು ಸಲವಲ್ಲ, ದಾರಿಯಲ್ಲಿ ಸಿಗುವ ಪ್ರತಿ ಶಿಬಿರದಲ್ಲೂ ಮಾಡಬೇಕು.

ರಸ್ತೆಯ ಸಂಖ್ಯೆಗಳನ್ನು ಅರ್ಥ ಮಾಡಿಕೊಳ್ಳುವುದು ಸುಲಭ. ‘ಎಚ್’ನಿಂದ ಶುರುವಾಗುವವು ಮುಖ್ಯ ರಸ್ತೆಗಳು, ಬಹುಮಟ್ಟಿಗೆ ಡಾಂಬರಿನವು, ‘ಎಸ್’ನಿಂದ ಶುರುವಾಗುವವು ಒಳರಸ್ತೆಗಳು, ಹೆಚ್ಚಾಗಿ ಜಲ್ಲಿಮಣ್ಣಿನವು. ಡಾಂಬರಿನ ಮೇಲೆ ಗಂಟೆಗೆ 50 ಕಿ.ಮೀ., ಮಣ್ಣಿನ ಮೇಲೆ 40 ಕಿ.ಮೀ. ವೇಗದ ಮಿತಿ. ಈ ಮಿತಿಯನ್ನು ಇಟ್ಟುಕೊಂಡೇ ದಿನದ ಲೆಕ್ಕ ಹಾಕಬೇಕು, ಏಕೆಂದರೆ ದ್ವಾರಗಳು ಮುಚ್ಚುವ ಸಮಯ ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ: ನವೆಂಬರಿನಿಂದ ಫೆಬ್ರವರಿಯವರೆಗೆ ಸಂಜೆ 6.30ಕ್ಕೆ, ಮೇ ತಿಂಗಳಿಂದ ಜುಲೈವರೆಗೆ 5.30ಕ್ಕೆ, ಉಳಿದ ತಿಂಗಳುಗಳಲ್ಲಿ 6ಕ್ಕೆ. ಒಂದು ಸೇತುವೆ ಮುಚ್ಚಿದ್ದರೆ ಬಳಸು ದಾರಿಗೆ ಎಷ್ಟು ಹೊತ್ತು ಬೇಕು ಎಂಬುದನ್ನು ನಕ್ಷೆ ನೋಡಿ ಮೊದಲೇ ಲೆಕ್ಕ ಹಾಕಿಟ್ಟುಕೊಂಡವರು ಸಂಜೆ ಗಾಬರಿಯಾಗುವುದಿಲ್ಲ. ಕಾಗದದ ನಕ್ಷೆಯನ್ನೇ ಕೊಳ್ಳಿ. ಶಿಬಿರಗಳಿಂದ ದೂರ ಸರಿದಂತೆ ಮೊಬೈಲ್ ಸಂಪರ್ಕ ನಂಬುವಂತಿರುವುದಿಲ್ಲ. ಉದ್ಯಾನದ ತುರ್ತು ಕರೆಯ ಸಂಖ್ಯೆಯನ್ನು ದ್ವಾರದಲ್ಲೇ ಕೇಳಿ ಬರೆದಿಟ್ಟುಕೊಳ್ಳಿ.

ಬಾಡಿಗೆ ಕಾರಿನ ಒಪ್ಪಂದವನ್ನೂ ಈ ಹಂತದಲ್ಲೇ ಓದಿಕೊಳ್ಳಬೇಕು. ನೀರಿನಿಂದಾಗುವ ಹಾನಿ ಮತ್ತು ಕಾರಿನ ಅಡಿಭಾಗದ ಹಾನಿ ಎಷ್ಟೋ ಒಪ್ಪಂದಗಳಲ್ಲಿ ವಿಮೆಗೆ ಸೇರಿರುವುದಿಲ್ಲ. ವಾಹನಗಳು ನಮ್ಮಲ್ಲಿಯಂತೆ ಎಡಬದಿಯಲ್ಲೇ ಸಾಗುತ್ತವೆ, ಸ್ಟಿಯರಿಂಗ್ ಬಲಕ್ಕಿರುತ್ತದೆ, ಅದೊಂದು ನೆಮ್ಮದಿ.

ಸೇತುವೆಯ ಮೇಲೆ ನೀರು ಹರಿಯುತ್ತಿದ್ದರೆ

ಇಲ್ಲಿ ಒಂದೇ ಮಾತು: ದಾಟಬೇಡಿ. ಆದರೆ ಏಕೆಂದು ತಿಳಿಯದೆ ಪಾಲಿಸಿದ ನಿಯಮ ಅವಸರದ ಹೊತ್ತಿನಲ್ಲಿ ಮುರಿದುಹೋಗುತ್ತದೆಯಾದ್ದರಿಂದ ಕಾರಣಗಳನ್ನೂ ಹೇಳಬೇಕು. ಸೆಳವಿರುವ ನೀರು 15 ಸೆಂ.ಮೀ. ಆಳವಿದ್ದರೂ ನಿಂತ ಮನುಷ್ಯನನ್ನು ಕೆಡವಬಲ್ಲದು. 30 ಸೆಂ.ಮೀ. ಆದರೆ ಸಣ್ಣ ಕಾರು ತೇಲಲು ಶುರುವಾಗುತ್ತದೆ, 60 ಸೆಂ.ಮೀ. ಆದರೆ ದೊಡ್ಡ ವಾಹನಗಳನ್ನೂ ಎಳೆದೊಯ್ಯಬಲ್ಲದು. ಕಾರು ಭಾರವಾಗಿದೆ ಎಂಬ ನಂಬಿಕೆ ಇಲ್ಲಿ ಕೆಲಸಕ್ಕೆ ಬಾರದು. ಒಳಗೆ ಗಾಳಿ ತುಂಬಿದ ಮುಚ್ಚಿದ ಪೆಟ್ಟಿಗೆಯಾದ್ದರಿಂದ ಅದು ನೀರಿನ ಮೇಲೆ ಏಳುತ್ತದೆ, ಗಾಲಿಗೆ ಹಿಡಿತ ತಪ್ಪುತ್ತದೆ, ಅಂಚುಗಲ್ಲು ಗಿಡ್ಡವಾದ್ದರಿಂದ ತಡೆಯುವುದಕ್ಕೆ ಬೇರೇನೂ ಇರುವುದಿಲ್ಲ.

ಎರಡನೆಯ ಕಾರಣ, ಕೆಸರು ನೀರಿನ ಕೆಳಗೆ ಏನಿದೆ ಎಂಬುದು ಕಾಣುವುದಿಲ್ಲ. ಹಾಸಿನ ಒಂದು ತುಂಡು ಕಿತ್ತುಹೋಗಿರಬಹುದು, ಅಂಚುಗಲ್ಲು ಮುರಿದು ರಸ್ತೆಯ ಎಲ್ಲೆಯೇ ಗೊತ್ತಾಗದಂತಿರಬಹುದು, ದಿಮ್ಮಿಯೊಂದು ಅಡ್ಡ ಬಿದ್ದಿರಬಹುದು. ನಮ್ಮೂರಿನಲ್ಲಿ ಇಂಥ ಸಂದರ್ಭದಲ್ಲಿ ಒಬ್ಬರು ಇಳಿದು ಕೋಲು ಹಿಡಿದು ಮುಂದೆ ನಡೆದು ಆಳ ನೋಡುವ ರೂಢಿಯಿದೆ. ಇಲ್ಲಿ ಅದನ್ನು ಖಂಡಿತ ಮಾಡಬಾರದು. ಕಾರಿನಿಂದ ಇಳಿಯುವುದೇ ನಿಯಮಬಾಹಿರ, ಅದಕ್ಕಿಂತ ಹೆಚ್ಚಾಗಿ ಸೇತುವೆಯ ಮೇಲೆ ಹರಿಯುವ ನೀರಿನಲ್ಲಿ ಮೀನು ಕಾಯುತ್ತ ಮೊಸಳೆಗಳು ಬಂದು ಮಲಗುವುದು ಇಲ್ಲಿ ವಿಶೇಷವೇನಲ್ಲ.

ಮುಂದೊಂದು ಎತ್ತರದ ಸಫಾರಿ ವಾಹನ ದಾಟಿಹೋಯಿತು ಎಂಬುದು ನಿಮ್ಮ ಕಾರಿಗೆ ಸಿಕ್ಕ ಅನುಮತಿಯಲ್ಲ. ಅದರ ನೆಲದ ಎತ್ತರ ಬೇರೆ, ತೂಕ ಬೇರೆ, ಓಡಿಸುವವರಿಗೆ ಆ ಸೇತುವೆಯ ಅಂಗುಲ ಅಂಗುಲವೂ ಗೊತ್ತಿರುತ್ತದೆ. ಅಡ್ಡಗಂಬ, ಸರಪಣಿ, ಕೊಂಬೆಗಳ ರಾಶಿ, ‘ಪ್ರವೇಶವಿಲ್ಲ’ ಎಂಬ ಫಲಕ, ಇವುಗಳಲ್ಲಿ ಯಾವುದಿದ್ದರೂ ಸರಿಸಿ ಹೋಗುವಂತಿಲ್ಲ. ನೀರು ಇಳಿದ ಮೇಲೂ ಸಿಬ್ಬಂದಿ ಪರೀಕ್ಷಿಸಿ ತೆರೆಯುವವರೆಗೆ ಕಾಯಬೇಕು. ಬಿಸಿಲಿಗೆ ಒಣಗಿ ಚೊಕ್ಕಟವಾಗಿ ಕಾಣುವ ಸೇತುವೆಯ ಕೆಳಗೆ ಮಣ್ಣು ಕೊರೆದುಹೋಗಿ ಹಾಸು ಟೊಳ್ಳಾಗಿ ನಿಂತಿರುವ ಸಾಧ್ಯತೆ ಇರುತ್ತದೆ.

ಬಳಸು ದಾರಿಗಳು ಇದ್ದೇ ಇರುತ್ತವೆ. ಕ್ರೊಕೊಡೈಲ್ ಬ್ರಿಜ್ ದ್ವಾರದ ಮುಂದಿನ ಸೇತುವೆ ಮುಳುಗಿದ್ದರೆ ಎನ್4 ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಹೋಗಿ ಮಲೆಲಾನೆ ದ್ವಾರದಿಂದ ಒಳಬರಬಹುದು. ಸ್ಕುಕೂಜಾದಿಂದ ಉತ್ತರಕ್ಕೆ ಹೋಗುವ ಎಚ್1-2 ರಸ್ತೆಯಲ್ಲಿ ಸಾಬಿ ಮತ್ತು ಸ್ಯಾಂಡ್ ನದಿಗಳ ಕೆಳಹಂತದ ಸೇತುವೆಗಳು ಮುಚ್ಚಿದ್ದರೆ, ಎಚ್4-1ರಲ್ಲಿ ಪೂರ್ವಕ್ಕೆ ಹೋಗಿ ಎಚ್12ರ ಎತ್ತರದ ಸೇತುವೆಯನ್ನು ಹಿಡಿದರೆ ಎರಡೂ ನದಿಗಳು ಸೇರಿದ ಮೇಲಿನ ಹರಿವನ್ನು ಒಂದೇ ಸಲಕ್ಕೆ ದಾಟಿದಂತಾಗುತ್ತದೆ. ಬಲೂಲೆಯ ಸೇತುವೆ ಇಲ್ಲದಿದ್ದರೆ ಹೆದ್ದಾರಿಯ ಒಲಿಫಾಂಟ್ಸ್ ಸೇತುವೆ ಇದೆ.

ಸೇತುವೆಗೆ ಕಾರು ಏರಿಸುವ ಮೊದಲು

ನೀರಿಲ್ಲದ ದಿನವೂ ಸೇತುವೆಯ ಬಾಯಲ್ಲಿ ಒಂದು ಕ್ಷಣ ನಿಲ್ಲಿ. ಆಚೆ ದಡದವರೆಗೆ ನೋಟ ಹಾಯಿಸಿ, ಎದುರಿನಿಂದ ವಾಹನ ಬರುತ್ತಿದೆಯೇ, ಪ್ರಾಣಿ ಬರುತ್ತಿದೆಯೇ ಎಂದು ನೋಡಿ. ಕೆಳಹಂತದ ಸೇತುವೆಗಳು ಕಿರಿದಾದವು. ನಡುವೆ ಕಾರು ತಿರುಗಿಸಲು ಜಾಗವಿರುವುದಿಲ್ಲ. ನಾವು ಕಟ್ಟಿಕೊಂಡ ಈ ಸೇತುವೆಗಳನ್ನು ಕಾಡಿನ ಪ್ರಾಣಿಗಳೂ ಬಳಸುತ್ತವೆ. ಬೆಕ್ಕಿನ ಜಾತಿಯವಕ್ಕೆ ಮೊಸಳೆಯಿರುವ ನೀರಿಗಿಳಿಯದೆ ಆಚೆ ದಡ ಸೇರಲು ಇದಕ್ಕಿಂತ ಒಳ್ಳೆಯ ದಾರಿಯಿಲ್ಲ, ಹೀಗಾಗಿ ಬೆಳಗಿನ ಜಾವ ಸೇತುವೆಯ ಮೇಲೆ ಸಿಂಹ, ಚಿರತೆಗಳು ನಡೆದುಹೋಗುವುದು ಕಾಣಸಿಗುತ್ತದೆ. ಅಂಥ ಹೊತ್ತಿನಲ್ಲಿ ಸೇತುವೆ ಏರದೆ ಈಚೆ ದಡದಲ್ಲೇ ಒಂದು ಬದಿಗೆ ಸರಿದು, ಎಂಜಿನ್ ನಿಲ್ಲಿಸಿ ಕುಳಿತರೆ ಪ್ರಾಣಿ ತನ್ನ ಪಾಡಿಗೆ ನಿಮ್ಮ ಪಕ್ಕದಲ್ಲೇ ಹಾದುಹೋಗುತ್ತದೆ.

ಆನೆಯ ವಿಷಯ ಬೇರೆ. ಆನೆ ಸೇತುವೆಯ ಕಡೆಗೆ ಬರುತ್ತಿದ್ದರೆ ಕಾಯುವುದಲ್ಲ, ಹಿಂದೆ ಸರಿಯಬೇಕು. ಎಂಜಿನ್ ಚಾಲೂ ಇರಲಿ, ಹಿಂದಿನ ಕಾರುಗಳಿಗೆ ಸನ್ನೆ ಮಾಡಿ ಸಾವಕಾಶವಾಗಿ ರಿವರ್ಸ್ ತೆಗೆದುಕೊಳ್ಳಿ. ಆನೆ ಹಿಂಡಿನ ಮುಕ್ಕಾಲು ಭಾಗ ದಾಟಿ ಆಯಿತು, ಇನ್ನೆರಡು ಮರಿಗಳು ಉಳಿದಿವೆ ಎನ್ನುವಾಗ ಮಧ್ಯೆ ನುಗ್ಗುವುದು ಎಲ್ಲಕ್ಕಿಂತ ಅಪಾಯಕಾರಿ, ಏಕೆಂದರೆ ಆಗ ತಾಯಿ ಒಂದು ಬದಿ, ಮರಿ ಒಂದು ಬದಿ, ನಡುವೆ ನೀವು. ಸೇತುವೆಯ ನಡುವಿನಲ್ಲಿರುವಾಗ ಒಂದು ತುದಿಯಲ್ಲಿ ಆನೆ ಕಾಣಿಸಿದರೆ ಇನ್ನೊಂದು ತುದಿಗೆ ಹೋಗುವ ದಾರಿ ತೆರವಾಗಿರಬೇಕು. ಆದುದರಿಂದ ಸೇತುವೆಯ ಮೇಲೆ ನಿಲ್ಲುವಾಗಲೂ ಮುಂದಿನ ಕಾರಿನ ಬಾಲಕ್ಕೆ ಅಂಟಿಕೊಂಡು ನಿಲ್ಲಬೇಡಿ. ಎರಡು ಕಾರಿನಷ್ಟು ಜಾಗ ಬಿಟ್ಟಿರಿ.

ಎಚ್12ರ ಸೇತುವೆಯಲ್ಲಿ ಬಬೂನ್ ಕೋತಿಗಳ ಗುಂಪು ಕಟಾಂಜನದ ಮೇಲೆ ಕುಳಿತು ಬೆಳಗಿನ ಬಿಸಿಲು ಕಾಯಿಸುವುದನ್ನು ಕಾಣಬಹುದು. ಮರಿಗಳ ಆಟ ನೋಡಲು ಚೆಂದ, ಆದರೆ ಗಾಜು ಮೇಲೇರಿಸಿಯೇ ನೋಡಬೇಕು. ತಿಂಡಿಯ ಪೊಟ್ಟಣ ಕಣ್ಣಿಗೆ ಬಿದ್ದರೆ ದೊಡ್ಡ ಗಂಡು ಬಬೂನ್ ಒಳಗೆ ಕೈ ಹಾಕಲು ಹಿಂಜರಿಯುವುದಿಲ್ಲ. ಆಹಾರ ಹಾಕುವುದಂತೂ ಅಪರಾಧ. ನೀರಿಗೆ ಬ್ರೆಡ್ಡಿನ ಚೂರು ಎಸೆಯುವುದೂ ಅದರಲ್ಲೇ ಸೇರಿದೆ.

ಎಲ್ಲಿ ನಿಲ್ಲಬೇಕು, ಯಾವ ಕಡೆ ನೋಡಬೇಕು

ನದಿಗಳು ಪೂರ್ವಕ್ಕೆ ಹರಿಯುತ್ತವೆ, ಸೇತುವೆಗಳು ಸರಿಸುಮಾರು ಉತ್ತರ ದಕ್ಷಿಣವಾಗಿವೆ. ಈ ಒಂದು ಸಂಗತಿಯಿಂದ ಬೆಳಕಿನ ಲೆಕ್ಕವೆಲ್ಲ ತಾನಾಗಿ ಬರುತ್ತದೆ. ಬೆಳಿಗ್ಗೆ ಸೂರ್ಯ ಹರಿವಿನ ಕೆಳದಿಕ್ಕಿನಲ್ಲಿರುವುದರಿಂದ ಹರಿವಿನ ಮೇಲುಭಾಗದ ಕಡೆಗೆ, ಅಂದರೆ ಪಶ್ಚಿಮಕ್ಕೆ ನೋಡಿದರೆ ಪ್ರಾಣಿಗಳ ಮೇಲೆ ನೇರ ಬೆಳಕು ಬಿದ್ದಿರುತ್ತದೆ; ಸಂಜೆ ಪೂರ್ವಕ್ಕೆ ನೋಡಬೇಕು. ಸ್ಟಿಯರಿಂಗ್ ಬಲಕ್ಕಿರುವ ಕಾರಿನಲ್ಲಿ ಉತ್ತರಕ್ಕೆ ಹೋಗುವಾಗ ಚಾಲಕರ ಕಿಟಕಿ ಪೂರ್ವಕ್ಕಿರುತ್ತದೆ, ದಕ್ಷಿಣಕ್ಕೆ ಬರುವಾಗ ಪಶ್ಚಿಮಕ್ಕೆ. ಆದ್ದರಿಂದ ಚಾಲಕರೇ ಕ್ಯಾಮೆರಾ ಹಿಡಿದವರಾದರೆ ಬೆಳಿಗ್ಗೆ ಸೇತುವೆಯನ್ನು ಒಮ್ಮೆ ದಾಟಿ, ಆಚೆ ದಡದಲ್ಲಿ ತಿರುಗಿಸಿಕೊಂಡು, ಮರಳಿ ಬರುವಾಗ ನಿಲ್ಲಬೇಕು. ಎಡಗಡೆ ಕುಳಿತವರ ಕೈಯಲ್ಲಿ ಕ್ಯಾಮೆರಾ ಇದ್ದರೆ ಹೋಗುವಾಗಲೇ ನಿಲ್ಲಬಹುದು.

ಮೊದಲ ಸಲ ಹೋಗುವವರು ಒಂದೇ ಸೇತುವೆಗೆ ಸಮಯ ಕೊಡುವುದಾದರೆ ಅದು ಲೋವರ್ ಸಾಬಿ ಶಿಬಿರದ ಪಕ್ಕದ ಎಚ್10 ರಸ್ತೆಯ ಸೇತುವೆಯಾಗಿರಲಿ ಎನ್ನುತ್ತೇನೆ. ಶಿಬಿರದ ದ್ವಾರದಿಂದ ಹೊರಟ ಕೆಲವೇ ನಿಮಿಷಗಳಲ್ಲಿ ಅಲ್ಲಿರಬಹುದು, ದ್ವಾರ ತೆರೆದ ಕೂಡಲೇ ಹೋದರೆ ಒಳ್ಳೆಯ ಜಾಗವೂ ಸಿಗುತ್ತದೆ. ನೀರು ಕೈಗೆಟಕುವಷ್ಟು ಹತ್ತಿರದಲ್ಲಿರುತ್ತದೆ. ಕರಿಬಿಳಿ ಮಿಂಚುಳ್ಳಿ ಅಂಚುಗಲ್ಲಿನ ಮೇಲೇ ಬಂದು ಕೂರುತ್ತದೆ. ಅಲ್ಲಿಂದ ಎದ್ದು ನೀರಿನ ಮೇಲೆ ಒಂದೇ ಜಾಗದಲ್ಲಿ ರೆಕ್ಕೆ ಬಡಿಯುತ್ತ, ಕೊಕ್ಕನ್ನು ನೆಟ್ಟಗೆ ಕೆಳಕ್ಕೆ ಹಿಡಿದು ನಿಂತು, ಕಲ್ಲು ಬಿದ್ದಂತೆ ಬೀಳುತ್ತದೆ. ಸಿಕ್ಕ ಮೀನನ್ನು ತಂದು ಅದೇ ಕಾಂಕ್ರೀಟಿಗೆ ಎರಡು ಮೂರು ಸಲ ಬಡಿದು, ತಲೆ ಮುಂದಾಗಿ ತಿರುಗಿಸಿಕೊಂಡು ನುಂಗುತ್ತದೆ. ಮೋರಿಯ ಬಾಯಿಂದ ನೀರು ನೊರೆಯಾಗಿ ಹೊರಬೀಳುವ ಕಡೆಯಲ್ಲಿ ಮೊಸಳೆ ಬಾಯಿ ತೆರೆದುಕೊಂಡು, ಸೆಳವಿಗೆ ಎದುರಾಗಿ ಬಿದ್ದುಕೊಂಡಿರುತ್ತದೆ. ಗಂಟೆಗಟ್ಟಲೆ ಅಲುಗದೆ ಇದ್ದುದು ಮೀನು ತಾಗಿದ ಕ್ಷಣದಲ್ಲಿ ದವಡೆ ಮುಚ್ಚುತ್ತದೆ. ಅದರಿಂದ ಮಾರು ದೂರದಲ್ಲೇ ಹಸಿರು ಬೆನ್ನಿನ ಸಣ್ಣ ಬಕವೊಂದು ಕುತ್ತಿಗೆ ಒಳಕ್ಕೆಳೆದುಕೊಂಡು ನಿಂತಿರುವುದೂ ಉಂಟು. ಮೇಲುಭಾಗದ ನಿಂತ ನೀರಿನಲ್ಲಿ ನೀರಾನೆಗಳ ಕಿವಿ, ಕಣ್ಣು, ಮೂಗುಗಳಷ್ಟೇ ಕಾಣುತ್ತವೆ. ಮುಳುಗಿದ್ದು ಕೆಲವು ನಿಮಿಷ ಬಿಟ್ಟು ಉಸಿರು ಬಿಡುತ್ತ ಏಳುತ್ತದೆ, ಅದರ ಬೆನ್ನು ಮೇಲೆದ್ದರೆ ಬಿಸಿಲು ಕಾಯಿಸುವ ಆಮೆಗಳಿಗೆ ಅದೇ ಬಂಡೆ.

ಈ ಸೇತುವೆಯ ಮೇಲೆ ಕಾರಿನಿಂದ ಇಳಿಯುವಂತಿಲ್ಲ. ಬಾಗಿಲು ತೆರೆದು ಒಂದು ಕಾಲು ಹೊರಗಿಡುವುದು, ಕಿಟಕಿಯ ಮೇಲೆ ಕುಳಿತು ಮೈ ಹೊರಚಾಚುವುದು ಇವೂ ಇಳಿದ ಲೆಕ್ಕಕ್ಕೇ ಬರುತ್ತವೆ. ಒಂದು ಬದಿಗೆ ಒತ್ತಿ ನಿಲ್ಲಿಸಿ, ಬೇರೆಯವರಿಗೆ ದಾಟಲು ದಾರಿ ಬಿಡಿ. ಎಂಜಿನ್ ನಿಲ್ಲಿಸಿ, ಏಕೆಂದರೆ ಅದರ ನಡುಕ ದೂರದ ಚಿತ್ರವನ್ನು ಕೆಡಿಸುತ್ತದೆ. ಕಿಟಕಿಯ ಗಾಜಿನ ಅಂಚಿಗೆ ಅಕ್ಕಿಯನ್ನೋ ಬೇಳೆಯನ್ನೋ ತುಂಬಿ ಹೊಲಿದ ಬಟ್ಟೆಯ ಚೀಲವನ್ನಿಟ್ಟು ಅದರ ಮೇಲೆ ಕ್ಯಾಮೆರಾ ಊರಿದರೆ ಕೈ ನೋಯುವುದಿಲ್ಲ. ಖಾಲಿ ಚೀಲವನ್ನು ಊರಿನಿಂದಲೇ ಒಯ್ದು ಶಿಬಿರದ ಅಂಗಡಿಯಲ್ಲಿ ಅಕ್ಕಿ ಕೊಂಡು ತುಂಬಿಸಿಕೊಳ್ಳಬಹುದು. ಸೇತುವೆಯಲ್ಲಿ ಜನ ಹೆಚ್ಚಾದರೆ ಅದೇ ಶಿಬಿರಕ್ಕೆ ಹತ್ತಿರದ ಸನ್‌ಸೆಟ್ ಡ್ಯಾಮ್ ಎಂಬ ಕೆರೆಗೆ ಹೋಗಿ, ಸ್ವಲ್ಪ ಹೊತ್ತು ಬಿಟ್ಟು ಮರಳಿ ಬನ್ನಿ.

ಹಳದಿ ಗೆರೆಗಳ ನಡುವೆ

ಕೆಲವು ಎತ್ತರದ ಸೇತುವೆಗಳ ಮೇಲೆ, ರಸ್ತೆಗೆ ಬಳಿದ ಹಳದಿ ಗೆರೆಗಳ ನಡುವೆ ಕಾರಿನಿಂದ ಇಳಿಯಲು ಅನುಮತಿಯಿದೆ. ಹೆದ್ದಾರಿಯಲ್ಲಿ ಒಲಿಫಾಂಟ್ಸ್ ನದಿಯ ಸೇತುವೆ ಮತ್ತು ಲೆಟಾಬಾ ನದಿಯ ಸೇತುವೆ ಇಂಥವು. ಶಿಬಿರ, ವಿಶ್ರಾಂತಿ ತಾಣಗಳನ್ನು ಬಿಟ್ಟರೆ ಇಡೀ ಉದ್ಯಾನದಲ್ಲಿ ನೆಲಕ್ಕೆ ಕಾಲಿಡಲು ಸಿಗುವ ಜಾಗಗಳು ಬೆರಳೆಣಿಕೆಯಷ್ಟೇ ಆದ್ದರಿಂದ ಈ ಸೇತುವೆಗಳನ್ನು ತಪ್ಪಿಸಬಾರದು. ನೆನಪಿಡಬೇಕಾದ್ದು ಇಷ್ಟೇ: ಫಲಕದಲ್ಲಿ ಅನುಮತಿ ಎಂದು ಬರೆದಿದ್ದರೆ ಮಾತ್ರ ಇಳಿಯಬೇಕು, ಗೆರೆ ದಾಟಿ ದಡದ ಕಡೆಗೆ ಹೋಗಬಾರದು, ಇಳಿಯುವ ಮೊದಲು ಎರಡೂ ತುದಿಗಳನ್ನು ನೋಡಬೇಕು, ಮಕ್ಕಳ ಕೈ ಬಿಡಬಾರದು. ಗೆರೆಗಳನ್ನು ದಡದಿಂದ ದೂರವಿಟ್ಟಿರುವುದಕ್ಕೆ ಕಾರಣ ಸರಳ. ಸೇತುವೆಯ ನಡುಭಾಗಕ್ಕೆ ಪ್ರಾಣಿ ಬರುವುದಿದ್ದರೆ ಎರಡು ತುದಿಗಳಿಂದಲೇ ಬರಬೇಕು, ಬಯಲಾದ ಹಾಸಿನ ಮೇಲೆ ಅದು ದೂರದಿಂದಲೇ ಕಾಣುತ್ತದೆ, ಕಾರಿನೊಳಗೆ ಸೇರಲು ನಿಮಗೆ ಸಮಯ ಸಿಗುತ್ತದೆ. ಅದೇ ಕಾರಣಕ್ಕೆ ಕಾರಿನಿಂದ ಹತ್ತು ಹೆಜ್ಜೆಗಿಂತ ದೂರ ಹೋಗದಿರುವುದು, ಬಾಗಿಲಿಗೆ ಬೀಗ ಹಾಕದಿರುವುದು ಜಾಣತನ.

ಎತ್ತರದ ಸೇತುವೆಯ ನೋಟವೇ ಬೇರೆ. ಲೋವರ್ ಸಾಬಿಯಲ್ಲಿ ಕಂಡಂಥ ಹತ್ತಿರದ ವಿವರಗಳು ಇಲ್ಲಿಲ್ಲ. ಅಗಲವಾದ ಮರಳು, ಅದರೊಳಗೆ ಎರಡು ಮೂರು ಸೀಳಾಗಿ ಹರಿಯುವ ನೀರು, ದೂರದಲ್ಲಿ ಕುಡಿಯಲು ಇಳಿಯುತ್ತಿರುವ ಆನೆ ಹಿಂಡು. ಬರಿಗಣ್ಣಿಗೆ ಬೂದು ಚುಕ್ಕೆಗಳಾಗಿ ಕಾಣುವುದಕ್ಕೆ ದುರ್ಬೀನು ಬೇಕೇ ಬೇಕು. ಮರಳಿನ ಮೇಲೆ ಸಾಲಾಗಿ ಬಿದ್ದಿರುವ ದಿಮ್ಮಿಗಳನ್ನು ಒಂದೊಂದಾಗಿ ಪರೀಕ್ಷಿಸಿ, ಅರ್ಧಕ್ಕರ್ಧ ಮೊಸಳೆಗಳಾಗಿರುತ್ತವೆ. ಕಾಲ ಕೆಳಗೂ ಗಮನವಿರಲಿ: ಸೇತುವೆಯ ಅಡಿಯಲ್ಲಿ ಅಂಬರಗುಬ್ಬಿಗಳೂ (ಸ್ವಾಲೋ) ಬಾನಾಡಿಗಳೂ (ಸ್ವಿಫ್ಟ್) ಗೂಡು ಕಟ್ಟುವುದರಿಂದ ಅವು ಕಂಬಗಳ ನಡುವಿನಿಂದ ಹೊರಬಂದು ನಿಮ್ಮ ಕಣ್ಣಿನ ಮಟ್ಟಕ್ಕೇ ಹಾರಾಡುತ್ತವೆ. ಹಾರುವ ಬಾನಾಡಿಯ ಬೆನ್ನನ್ನು ಮೇಲಿನಿಂದ ನೋಡುವ ಅವಕಾಶ ಹಕ್ಕಿ ನೋಡುವವರಿಗೆ ಸುಲಭಕ್ಕೆ ಸಿಗುವುದಿಲ್ಲ.

ಹಕ್ಕಿಗಳಿಗಾಗಿಯೇ ಹೋಗುವವರು ಉತ್ತರದ ತುದಿಯ ಪಫೂರಿಯಲ್ಲಿ ಲುವುವು ನದಿಯ ಸೇತುವೆಯವರೆಗೆ ಹೋಗಲೇಬೇಕು. ದೂರ ಬಹಳ, ದಕ್ಷಿಣದ ಶಿಬಿರಗಳಿಂದ ಒಂದು ದಿನದಲ್ಲಿ ಹೋಗಿಬರುವ ಮಾತಿಲ್ಲ. ಪುಂಡಾ ಮರಿಯಾ ಇಲ್ಲವೇ ಶಿಂಗ್ವೆಡ್ಜಿಯಲ್ಲಿ ತಂಗಬೇಕು. ದಡದಲ್ಲಿ ಹಳದಿ ಹಸಿರು ತೊಗಟೆಯ ‘ಫೀವರ್ ಟ್ರೀ’ ಮರಗಳು, ನ್ಯಾಲಾ ಜಿಂಕೆಗಳು, ಸೇತುವೆಯ ಸುತ್ತ ಕ್ರೂಗರ್‌ನ ದಕ್ಷಿಣದಲ್ಲಿ ಕಾಣದ ಬಾನಾಡಿಯ ಪ್ರಭೇದಗಳು. ಮೀನು ಹಿಡಿಯುವ ದೊಡ್ಡ ಪೆಲ್ಸ್ ಗೂಬೆಯೂ ಈ ನದಿಯಂಚಿನದೇ. ಅದನ್ನು ಕಾಣುವುದು ಅದೃಷ್ಟದ ಮಾತು. ಅಲ್ಲಿಂದ ಪೂರ್ವಕ್ಕೆ ನದಿಯ ಜೊತೆಜೊತೆಗೇ ಸಾಗುವ ರಸ್ತೆ, ಲುವುವು ನದಿ ಲಿಂಪೊಪೊವನ್ನು ಸೇರುವ, ದಕ್ಷಿಣ ಆಫ್ರಿಕಾ, ಜಿಂಬಾಬ್ವೆ, ಮೊಜಾಂಬಿಕ್ ಮೂರೂ ಕೂಡುವ ಕ್ರೂಕ್ಸ್ ಕಾರ್ನರ್‌ಗೆ ಮುಟ್ಟಿಸುತ್ತದೆ.

ದಕ್ಷಿಣದಲ್ಲಿ ಒಂದು ದಿನ

ಒಂದೇ ದಿನವಿದ್ದವರಿಗೆ ಒಂದು ದಾರಿಯನ್ನು ಸೂಚಿಸುವೆ. ಬೆಳಿಗ್ಗೆ ಕ್ರೊಕೊಡೈಲ್ ಬ್ರಿಜ್ ದ್ವಾರ ತೆರೆಯುವಾಗಲೇ ಅಲ್ಲಿರಿ. ದ್ವಾರದ ಮುಂದಿನ ಸೇತುವೆಯ ಮೇಲೆ ಸರತಿಯಲ್ಲಿ ಕಾಯುವ ಹೊತ್ತೂ ವ್ಯರ್ಥವಲ್ಲ, ಎರಡೂ ಬದಿ ನದಿಯನ್ನು ನೋಡುತ್ತಿರಿ. ಒಳಗೆ ಬಂದ ಮೇಲೆ ಎಚ್4-2ರಲ್ಲಿ ಸುಮಾರು 35 ಕಿ.ಮೀ. ಉತ್ತರಕ್ಕೆ ಲೋವರ್ ಸಾಬಿ. ದಾರಿಯಲ್ಲಿ ಪ್ರಾಣಿಗಳಿಗಾಗಿ ನಿಂತರೂ ಎಂಟೂವರೆಗೆಲ್ಲ ಅಲ್ಲಿರಬಹುದು. ಬಿಸಿಲು ಬಲಿಯುವವರೆಗೆ ಸೇತುವೆಯ ಮೇಲಿದ್ದು, ಶಿಬಿರದಲ್ಲಿ ಊಟ ಮುಗಿಸಿ, ಸಾಬಿ ನದಿಯ ದಕ್ಷಿಣ ದಡವನ್ನೇ ಹಿಡಿದು ಸಾಗುವ ಎಚ್4-1ರಲ್ಲಿ ಸ್ಕುಕೂಜಾ ಕಡೆಗೆ ಹೊರಡಿ. ಈ ರಸ್ತೆಯಲ್ಲಿ ವಾಹನಗಳ ದಟ್ಟಣೆ ಹೆಚ್ಚು, ಅದರ ಬಗ್ಗೆ ದೂರುವವರೂ ಹೆಚ್ಚು. ಆದರೂ ದಟ್ಟಣೆಗೆ ಕಾರಣ ಚಿರತೆಗಳೇ ಆದ್ದರಿಂದ ಸಹಿಸಿಕೊಳ್ಳುವುದೇ ಲೇಸು. ಸ್ಕುಕೂಜಾಕ್ಕೆ ಮೊದಲು ಎಚ್12ಕ್ಕೆ ತಿರುಗಿ, ಎತ್ತರದ ಸೇತುವೆ ದಾಟಿ, ಎಚ್1-2ರಲ್ಲಿ ದಕ್ಷಿಣಕ್ಕೆ ಬಂದರೆ ಸ್ಯಾಂಡ್ ನದಿಯ ಕೆಳಹಂತದ ಸೇತುವೆ, ಅದರ ನಂತರ ಸಾಬಿಯ ಕೆಳಹಂತದ ಸೇತುವೆ ಸಿಗುತ್ತವೆ. ಸ್ಯಾಂಡ್ ನದಿಯಲ್ಲಿ ಒಣಗಾಲದಲ್ಲಿ ನೀರಿಗಿಂತ ಮರಳೇ ಹೆಚ್ಚು. ಆನೆಗಳು ಆ ಮರಳನ್ನು ಕಾಲಿನಿಂದ ಕೆದಕಿ ಒಸರುವ ನೀರನ್ನು ಸೊಂಡಿಲಿನಿಂದ ಹೀರುವುದನ್ನು ನೋಡಬೇಕಾದರೆ ಮಧ್ಯಾಹ್ನದ ಬಿಸಿಲಿನ ಹೊತ್ತೇ ಸರಿ.

ದಿನದ ಪ್ರವಾಸಿಗರು ದ್ವಾರ ಮುಚ್ಚುವ ಹೊತ್ತಿಗೆ ಹೊರಗಿರಬೇಕು, ಶಿಬಿರದಲ್ಲಿ ತಂಗುವವರು ಶಿಬಿರದೊಳಗಿರಬೇಕು; ತಡವಾದರೆ ದಂಡ. ಸಂಜೆ ಮರಳುವ ದಾರಿಯಲ್ಲಿ, ಬೆಳಿಗ್ಗೆ ತೆರೆದಿದ್ದ ಸೇತುವೆಯ ಮೇಲೆ ನೀರು ಏರಿರುವುದು ಕಂಡರೆ ಹೊತ್ತಾಯಿತೆಂದು ದಾಟುವ ಸಾಹಸಕ್ಕೆ ಹೋಗದೆ, ಆ ದಡದಲ್ಲೇ ಹತ್ತಿರವಿರುವ ಶಿಬಿರ ಯಾವುದೆಂದು ನಕ್ಷೆಯಲ್ಲಿ ನೋಡಿ ಅಲ್ಲಿಗೆ ಹೋಗಿ, ಸ್ವಾಗತ ಕಚೇರಿಯಲ್ಲಿ ವಿಷಯ ತಿಳಿಸಿ. ದಾರಿಯಲ್ಲಿ ಸಂಪರ್ಕ ಸಿಕ್ಕಿದ ಕೂಡಲೇ ಬರೆದಿಟ್ಟುಕೊಂಡ ತುರ್ತು ಸಂಖ್ಯೆಗೆ ಕರೆ ಮಾಡಿ, ಕಾರು ಯಾವ ರಸ್ತೆಯಲ್ಲಿದೆ, ಒಳಗೆ ಎಷ್ಟು ಜನರಿದ್ದೀರಿ, ಯಾವ ಶಿಬಿರದ ಕಡೆಗೆ ಹೊರಟಿದ್ದೀರಿ ಎಂಬುದನ್ನು ಹೇಳಿ. ಕರೆ ಹೋಗದಿದ್ದರೆ ಅದೇ ದಾರಿಯಲ್ಲಿ ಬರುವ ಇನ್ನೊಂದು ಕಾರಿನವರಿಗಾದರೂ ಸೇತುವೆ ಮುಳುಗಿರುವ ಸುದ್ದಿಯನ್ನು ಮುಟ್ಟಿಸಿ.